ಧೂಳು, ತಟ್ಟೆ ಮತ್ತು ಓಲಾಡುವ ಮಸೂರ

ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ಸೀಮೆಯಲ್ಲಿ ಮಳೆಗಿಂತ ಗಾಳಿಯದೇ ಕಾರುಬಾರು ಹೆಚ್ಚು. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸಿನ ಮಳೆ ಕಾಣುವ ಅನಂತಪುರ ಸೀಮೆಗೆ ದೇಶದ ಅತಿ ಒಣ ಪ್ರದೇಶಗಳ ಪಟ್ಟಿಯಲ್ಲಿ ಕಾಯಂ ಜಾಗವಿದೆ. ಕಲ್ಯಾಣದುರ್ಗದ ಆಚೆ ಹಗರಿ, ಅಂದರೆ ವೇದಾವತಿ ನದಿ, ವರ್ಷದ ಬಹುಪಾಲು ಮರಳಾಗಿಯೇ ಮಲಗಿರುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಆ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬಗಟ್ಟುತ್ತದೆ. 2022ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗಡಿಗೆರೆ ಎಲ್ಲಿ ಹಾದುಹೋದರೂ ಧೂಳು ಎರಡೂ ಕಡೆ ಒಂದೇ.

ಇಂಥ ಊರುಗಳಿಗೆ ಕಳೆದ ಶತಮಾನದ ಕೊನೆಯಲ್ಲಿ ವಿಸಿಡಿ, ಅಂದರೆ ಸಿನಿಮಾ ತುಂಬಿದ ಸಿಡಿ, ಬಂತು. ಕನ್ನಡ, ತೆಲುಗು ಎರಡನ್ನೂ ಮನೆಮಾತಿನಷ್ಟೇ ಸಲೀಸಾಗಿ ಆಡುವ ಗಡಿಸೀಮೆ ಇದು. ಗೌರಿಬಿದನೂರು ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಎನ್.ಟಿ. ರಾಮರಾವ್ ಅವರನ್ನು 1985, 1989, 1994ರಲ್ಲಿ ಹೀಗೆ ಸತತವಾಗಿ ವಿಧಾನಸಭೆಗೆ ಕಳಿಸಿದ ಹಿಂದೂಪುರದಲ್ಲಿ ರಾಜ್‌ಕುಮಾರ್ ಚಿತ್ರಗಳಿಗೂ ನೋಡುಗರ ಬರವಿರಲಿಲ್ಲ. 1993ರಲ್ಲಿ ರೂಪುಗೊಂಡ ವಿಸಿಡಿ ಮಾದರಿಯಲ್ಲಿ ಒಂದು ತಟ್ಟೆಗೆ ಹಿಡಿಸುತ್ತಿದ್ದುದು 74 ನಿಮಿಷದ ಚಿತ್ರ. ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಎರಡೂವರೆ ಗಂಟೆಯ ಆಸುಪಾಸಿನವಾದ ಕಾರಣ ಒಂದು ಕಥೆಗೆ ಎರಡು ಅಥವಾ ಮೂರು ತಟ್ಟೆ. ವಿರಾಮ ಬರುತ್ತಿದ್ದುದು ನಿರ್ದೇಶಕ ಬಯಸಿದಲ್ಲಲ್ಲ, ತಟ್ಟೆ ಮುಗಿದಲ್ಲಿ.

ಬಾಡಿಗೆಗೆ ಹತ್ತು ಕೈ ದಾಟಿದ ತಟ್ಟೆಯ ಮೇಲೆ ಬೆರಳಚ್ಚು, ಎಣ್ಣೆ, ಕೆಂಪು ಧೂಳು, ಉಗುರಿನ ಗೀರು ಎಲ್ಲವೂ ಇರುತ್ತಿದ್ದವು. ಪಂಚೆಯ ಸೆರಗಿಗೆ ಒಮ್ಮೆ ಉಜ್ಜಿ ಒಳಗೆ ತಳ್ಳಿದರೆ ಬಹುತೇಕ ಸಲ ಚಿತ್ರ ಓಡುತ್ತಿತ್ತು. ಒಮ್ಮೊಮ್ಮೆ ಮುಖಗಳು ಚೌಕ ಚೌಕವಾಗಿ ಒಡೆದು ನಿಲ್ಲುತ್ತಿದ್ದುದೂ ನಿಜ. ಆದರೆ ತಟ್ಟೆಯಲ್ಲಿ ಮಾಹಿತಿಯನ್ನು ಹಿಡಿದಿಟ್ಟ ಒಂದೊಂದು ಗುರುತು ಒಂದು ಮೈಕ್ರಾನಿನ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದ, ಆಸುಪಾಸಿನದು. ಕಣ್ಣಿಗೆ ಕಾಣುವ ಧೂಳಿನ ಕಣ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಹಾಗಿದ್ದರೂ ಅದು ಓದಿಗೆ ಅಡ್ಡ ಬರುತ್ತಿರಲಿಲ್ಲವೇಕೆ?

ಉತ್ತರ ತಟ್ಟೆಯ ದಪ್ಪದಲ್ಲಿದೆ. ಸಿಡಿಯ ಮಾಹಿತಿ ಇರುವುದು ನಾವು ಮುಟ್ಟುವ ಹೊಳೆಯುವ ಬದಿಯ ಮೇಲಲ್ಲ, 1.2 ಮಿ.ಮೀ. ಪಾರದರ್ಶಕ ಪಾಲಿಕಾರ್ಬೊನೇಟ್‌ನ ಆಚೆ, ಲೇಬಲ್ಲಿಗೆ ಅಂಟಿಕೊಂಡಂತೆ. ಲೇಸರ್ ಕಿರಣ ಕೆಳಗಿನಿಂದ ಶಂಕುವಿನ ಆಕಾರದಲ್ಲಿ ಒಳಹೊಗುತ್ತದೆ. ತಟ್ಟೆಯ ಮೇಲ್ಮೈಯಲ್ಲಿ ಅದರ ಅಗಲ ಮುಕ್ಕಾಲು ಮಿಲಿಮೀಟರಿಗೆ ಹತ್ತಿರ. ಮಾಹಿತಿಯ ಪದರ ಮುಟ್ಟುವಾಗ ಒಂದೆರಡು ಮೈಕ್ರಾನ್ ಅಷ್ಟೇ. ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟಿರುವ ಧೂಳಿನ ಕಣ ಮೇಲ್ಮೈಯಲ್ಲಿ ಕೂತರೆ, ಲೆಕ್ಕ ಹಾಕಿದಾಗ, ಅದು ತಡೆಯುವುದು ಕಿರಣದ ಶೇ 0.5ರಷ್ಟು ಬೆಳಕನ್ನು ಮಾತ್ರ. ಆ ಧೂಳು ಫೋಕಸ್‌ನ ಹೊರಗಿರುವುದರಿಂದ ಮಸೂರಕ್ಕೆ ಅದು ಕಾಣುವುದೇ ಇಲ್ಲವೆನ್ನಬಹುದು.

ಡಚ್ ಕಂಪನಿ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸೇರಿ 1980ರಲ್ಲಿ ಸಿಡಿಯ ನಿಯಮಗಳನ್ನು ಬರೆದವು. 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್ ಮಾರಾಟಕ್ಕೆ ಬಂತು. ಆ ನಿಯಮಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಟ್ಟೆಗೆ ಅವರು ಧಾರಾಳವಾಗಿ ರಿಯಾಯಿತಿ ಕೊಟ್ಟಿದ್ದಾರೆ. ಅದು ಸ್ವಲ್ಪ ಸೊಟ್ಟಗಿರಬಹುದು, ನಡುವಿನ ತೂತು ಸ್ವಲ್ಪ ಆಚೀಚೆ ಇರಬಹುದು, ಮೇಲ್ಮೈ ಗೀರಿರಬಹುದು. ಆ ತಪ್ಪುಗಳನ್ನೆಲ್ಲ ಸಂಭಾಳಿಸುವ ಹೊಣೆ ಓದುವ ಯಂತ್ರದ್ದು. ತಟ್ಟೆ ಅಗ್ಗವಾದದ್ದು, ಕಲ್ಯಾಣದುರ್ಗದಂಥ ಊರಿನವರೆಗೂ ಮುಟ್ಟಿದ್ದು, ಈ ಹೊಣೆಗಾರಿಕೆಯ ಹಂಚಿಕೆಯಿಂದ.

ಸಿಡಿಯ ಗುರುತುಗಳು ಸಾಲುಗಟ್ಟಿದ ಸುರುಳಿ ಹಾದಿಯನ್ನು ಬಿಚ್ಚಿ ಹಾಸಿದರೆ 5 ಕಿ.ಮೀ.ಗೂ ಉದ್ದ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಅಂತರ 1.6 ಮೈಕ್ರಾನ್. ತಟ್ಟೆ ತಿರುಗುವಾಗ ಅದರ ಅಂಚು ಮೇಲೆ ಕೆಳಗೆ ಅರ್ಧ ಮಿಲಿಮೀಟರಿನವರೆಗೆ ಏರಿಳಿಯಲು ನಿಯಮದಲ್ಲಿ ಅವಕಾಶವಿದೆ. ಆದರೆ ಮಸೂರದ ಫೋಕಸ್ ಕೆಡದೆ ಉಳಿಯುವುದು ಹೆಚ್ಚೆಂದರೆ ಎರಡು ಮೈಕ್ರಾನ್ ಆಚೀಚೆ. ಅಂದರೆ ತಟ್ಟೆ ಕುಣಿಯುವುದು ಮಸೂರದ ತಾಳ್ಮೆಯ ಇನ್ನೂರೈವತ್ತು ಪಟ್ಟು. ಅಡ್ಡಡ್ಡ ಓಲಾಟವೂ ಇದೆ: ಕೇಂದ್ರ 70 ಮೈಕ್ರಾನ್ ತಪ್ಪಿದ್ದರೆ, ಮಸೂರ ಸುಮ್ಮನೆ ನಿಂತರೆ ಪ್ರತಿ ಸುತ್ತಿನಲ್ಲೂ ಎಂಬತ್ತಕ್ಕೂ ಹೆಚ್ಚು ಹಾದಿಗಳು ಅದರ ಕೆಳಗೆ ದಾಟಿಹೋಗುತ್ತವೆ. ತಟ್ಟೆ ನಿಮಿಷಕ್ಕೆ 200ರಿಂದ 500 ಸುತ್ತು ತಿರುಗುತ್ತಲೇ ಇರುತ್ತದೆ.

ಹಾಗಾಗಿ ಮಸೂರವೂ ತಟ್ಟೆಯ ಜೊತೆಗೇ ಕುಣಿಯಬೇಕು. ಕೆಲವೇ ಮಿಲಿಮೀಟರ್ ಅಗಲದ ಈ ಮಸೂರವನ್ನು ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ, ಸಾಮಾನ್ಯವಾಗಿ ನಾಲ್ಕು ಸಣ್ಣ ತಂತಿಗಳಿಂದ ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ಚೌಕಟ್ಟಿಗೆ ಅಂಟಿದ ತಾಮ್ರದ ಸುರುಳಿಗಳು ಎರಡು ಅಯಸ್ಕಾಂತಗಳ ನಡುವೆ ಇರುತ್ತವೆ. ಒಂದು ಸುರುಳಿಗೆ ವಿದ್ಯುತ್ ಹರಿದರೆ ಮಸೂರ ಏರಿಳಿಯುತ್ತದೆ, ಇನ್ನೊಂದಕ್ಕೆ ಹರಿದರೆ ಅಕ್ಕಪಕ್ಕ ಸರಿಯುತ್ತದೆ. ಧ್ವನಿವರ್ಧಕದ ಪರದೆಯನ್ನು ನಡುಗಿಸುವ ತತ್ವವೇ ಇಲ್ಲೂ ಕೆಲಸ ಮಾಡುವುದು. ಅದಕ್ಕೇ ಎಂಜಿನಿಯರುಗಳು ಇದನ್ನು ವಾಯ್ಸ್ ಕಾಯಿಲ್ ಎನ್ನುತ್ತಾರೆ. ರಿಪೇರಿ ಅಂಗಡಿಯವರ ಬಾಯಲ್ಲಿ ಇಡೀ ಜೋಡಣೆಗೆ ಹೆಸರು ಒಂದೇ: ಹೆಡ್. 'ನೋ ಡಿಸ್ಕ್' ಎಂದು ಪರದೆಯ ಮೇಲೆ ಬಂದರೆ ಅವರ ಮೊದಲ ಅನುಮಾನ ಅದರ ಮೇಲೆ.

ತಾನು ಎತ್ತ ಸರಿಯಬೇಕೆಂದು ಮಸೂರಕ್ಕೆ ಗೊತ್ತಾಗುವುದು ಹೇಗೆ? ತಟ್ಟೆಯಿಂದ ಮರಳಿ ಬರುವ ಬೆಳಕನ್ನು ಒಂದು ಸಿಲಿಂಡರ್ ಆಕಾರದ ಮಸೂರದ ಮೂಲಕ ಹಾಯಿಸಿ, ನಾಲ್ಕು ಮನೆಗಳಾಗಿ ಭಾಗವಾದ ಬೆಳಕಿನ ಸಂವೇದಕದ ಮೇಲೆ ಬೀಳಿಸುತ್ತಾರೆ. ಫೋಕಸ್ ಸರಿಯಿದ್ದರೆ ಅಲ್ಲಿ ಬೀಳುವ ಮಚ್ಚೆ ದುಂಡಗಿರುತ್ತದೆ, ನಾಲ್ಕೂ ಮನೆಗಳಿಗೆ ಸಮಪಾಲು. ತಟ್ಟೆ ಹತ್ತಿರ ಬಂದರೆ ಮಚ್ಚೆ ಒಂದು ಕರ್ಣದ ಕಡೆಗೆ ಹಿಗ್ಗಿ ಅಂಡಾಕಾರವಾಗುತ್ತದೆ, ದೂರ ಹೋದರೆ ಇನ್ನೊಂದು ಕರ್ಣದ ಕಡೆಗೆ. ಎದುರುಬದುರಿನ ಮನೆಗಳನ್ನು ಕೂಡಿ, ಒಂದು ಜೋಡಿಯಿಂದ ಇನ್ನೊಂದನ್ನು ಕಳೆದರೆ ಉಳಿಯುವ ಸಂಖ್ಯೆ ತಪ್ಪಿನ ಪ್ರಮಾಣವನ್ನೂ ದಿಕ್ಕನ್ನೂ ಒಟ್ಟಿಗೇ ಹೇಳುತ್ತದೆ. ಕನ್ನಡಕದ ಅಂಗಡಿಯಲ್ಲಿ ಅಸ್ಟಿಗ್ಮ್ಯಾಟಿಸಂ ಎಂದು ಕರೆಸಿಕೊಳ್ಳುವ ದೋಷವನ್ನೇ ಇಲ್ಲಿ ಬೇಕೆಂದೇ ಹುಟ್ಟಿಸಿ ಅಳತೆಗೋಲು ಮಾಡಿಕೊಂಡಿದ್ದಾರೆ.

ಹಾದಿ ಬಿಡದಂತೆ ನೋಡಿಕೊಳ್ಳಲು ಬೇರೊಂದು ಉಪಾಯ. ಲೇಸರ್ ಮುಂದೆ ಗೆರೆ ಕೊರೆದ ಗಾಜು ಇಟ್ಟು ಕಿರಣವನ್ನು ಮೂರಾಗಿ ಒಡೆಯುತ್ತಾರೆ. ನಡುವಿನದು ಓದುತ್ತದೆ, ಉಳಿದೆರಡು ಹಾದಿಯ ಎಡ, ಬಲ ಅಂಚುಗಳನ್ನು ತುಸು ಮುಟ್ಟಿಕೊಂಡು ಕಾವಲು ಹೋಗುತ್ತವೆ. ಒಂದು ಕಾವಲುಗಾರನ ಬೆಳಕು ಹೆಚ್ಚಿ ಇನ್ನೊಂದರದು ಕುಗ್ಗಿದರೆ ಮಸೂರ ಹಾದಿ ತಪ್ಪಿದೆ ಎಂದರ್ಥ. ಸುರುಳಿಗೆ ತಕ್ಷಣ ವಿದ್ಯುತ್ ಹೋಗುತ್ತದೆ. ಈ ತಿದ್ದುಪಡಿ ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ. ನಾಯಕ ಹಾಡುತ್ತಿದ್ದಾಗ ನೋಡುಗರಿಗೆ ಇದಾವುದರ ಸುಳಿವೂ ಸಿಗುತ್ತಿರಲಿಲ್ಲ.

ಮಸೂರವೂ ಬೆಳೆದು ಬಂದದ್ದೇ. ಮೊದಲಿಗೆ ಹಲವು ಗಾಜಿನ ತುಣುಕುಗಳನ್ನು ಜೋಡಿಸಿ ಮಾಡುತ್ತಿದ್ದ ಭಾರದ ಮಸೂರವನ್ನು ಅಷ್ಟು ಬೇಗ ಅಲುಗಾಡಿಸುವುದು ಕಷ್ಟವಿತ್ತು. ಗೋಳದ ತುಂಡಿನಂತಿರದೆ, ಅಂಚಿನ ಕಡೆ ಬಾಗು ಬದಲಾಗುತ್ತಾ ಹೋಗುವ ಅಸ್ಫೆರಿಕ್ ಮೇಲ್ಮೈ ಇದ್ದರೆ ಒಂದೇ ಮಸೂರ ಸಾಕು. ಅಂಥದ್ದನ್ನು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹೊಯ್ಯುವ ವಿದ್ಯೆಯನ್ನು 1980ರ ದಶಕದಲ್ಲಿ ಜಪಾನಿನ ಕೊನಿಕಾದಂಥ ಕಂಪನಿಗಳು ಪಳಗಿಸಿಕೊಂಡವು. ಗ್ರಾಂ ಲೆಕ್ಕಕ್ಕೂ ಸಿಗದ ಹಗುರ ಮಸೂರ ಲಕ್ಷಗಟ್ಟಲೆ ತಯಾರಾಯಿತು.

ಇಷ್ಟೆಲ್ಲ ಆದ ಮೇಲೂ ಗೀರು ಬಿದ್ದಲ್ಲಿ ಕೆಲವು ಅಕ್ಷರ ಕಳೆದೇ ಹೋಗುತ್ತವೆ. ಅದಕ್ಕೆ ಗಣಿತದ ಆಸರೆ. ಮಾಹಿತಿಯನ್ನು ಇದ್ದ ಕ್ರಮದಲ್ಲಿ ಬರೆಯದೆ ಚದುರಿಸಿ, ತಪ್ಪು ತಿದ್ದುವ ಹೆಚ್ಚುವರಿ ಅಂಕಿಗಳನ್ನು ಬೆರೆಸಿ ಬರೆದಿರುತ್ತಾರೆ. ಸಿಡಿಯಲ್ಲಿ ಹಾದಿಯುದ್ದಕ್ಕೆ ಸುಮಾರು 2.5 ಮಿ.ಮೀ. ಅಳಿಸಿಹೋದರೂ ಪೂರ್ತಿ ಮರಳಿ ಪಡೆಯಬಹುದು. ತಟ್ಟೆಯನ್ನು ವೃತ್ತಾಕಾರವಾಗಿ ಉಜ್ಜದೆ ನಡುವಿನಿಂದ ಅಂಚಿಗೆ ಒರೆಸಿ ಎನ್ನುವುದು ಇದೇ ಕಾರಣಕ್ಕೆ. ಅಡ್ಡಗೀರು ಪ್ರತಿ ಸುತ್ತಿನಲ್ಲೂ ಒಂದಿಷ್ಟೇ ಕದಿಯುತ್ತದೆ, ಹಾದಿಯುದ್ದದ ಗೀರು ಇಡೀ ಸಾಲನ್ನೇ ನುಂಗುತ್ತದೆ.

ಹೆಚ್ಚು ತುಂಬಬೇಕೆಂಬ ಆಸೆ ಶುರುವಾದದ್ದು ಆಮೇಲೆ. ಬೆಳಕನ್ನು ಎಷ್ಟು ಸಣ್ಣ ಚುಕ್ಕೆಗೆ ಇಳಿಸಬಹುದು ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಬೆಳಕಿನ ತರಂಗದೂರ ಮತ್ತು ಮಸೂರದ ನ್ಯೂಮರಿಕಲ್ ಅಪರ್ಚರ್, ಅಂದರೆ ಕಿರಣದ ಶಂಕು ಎಷ್ಟು ಅಗಲವಾಗಿ ಬಂದು ಕೂಡುತ್ತದೆ ಎಂಬ ಅಳತೆ. ಸಿಡಿಗೆ 780 ನ್ಯಾನೊಮೀಟರಿನ ಅವಕೆಂಪು ಬೆಳಕು, 0.45ರ ಅಪರ್ಚರ್. 1996ರಲ್ಲಿ ಬಂದ ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು, 0.6. ಹಾದಿಗಳ ಅಂತರ 0.74 ಮೈಕ್ರಾನಿಗೆ ಇಳಿದು 4.7 ಗಿಗಾಬೈಟ್ ಹಿಡಿಸಿತು. ಮೂರು ವಿಸಿಡಿಯ ಸಿನಿಮಾ ಒಂದೇ ತಟ್ಟೆಗೆ ಬಂತು. ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಮತ್ತು ಸಂಗಡಿಗರು ನೀಲಿ ಬೆಳಕಿನ ಅರೆವಾಹಕಗಳನ್ನು ಸಾಧಿಸಿದ ಮೇಲೆ 405 ನ್ಯಾನೊಮೀಟರಿನ ನೀಲಿನೇರಳೆ ಲೇಸರ್ ಕೈಗೆ ಬಂತು. ಅದಕ್ಕೆ 0.85ರ ಅಪರ್ಚರ್ ಸೇರಿಸಿದ್ದೇ ಬ್ಲೂ-ರೇ. ಹಾದಿಗಳ ಅಂತರ 0.32 ಮೈಕ್ರಾನ್, ಒಂದು ಪದರಕ್ಕೆ 25 ಗಿಗಾಬೈಟ್.

ಸಾಂದ್ರತೆ ಏರಿದಂತೆ ರಿಯಾಯಿತಿ ಕರಗುತ್ತಾ ಹೋಯಿತು. ಬ್ಲೂ-ರೇಯಲ್ಲಿ ಫೋಕಸ್‌ನ ತಾಳ್ಮೆ ಒಂದು ಮೈಕ್ರಾನಿನ ಮೂರನೇ ಒಂದಕ್ಕಿಂತ ಕಡಿಮೆ. ತಟ್ಟೆ ತುಸು ಓರೆಯಾದರೆ ಚುಕ್ಕೆಗೆ ಧೂಮಕೇತುವಿನಂಥ ಬಾಲ ಮೂಡುತ್ತದೆ. ಕೋಮಾ ಎಂಬ ಈ ದೋಷ ಅಪರ್ಚರ್‌ನ ಘನಕ್ಕೂ ಪದರದ ದಪ್ಪಕ್ಕೂ ತಕ್ಕಂತೆ ಬೆಳೆಯುತ್ತದೆ, ತರಂಗದೂರ ಕುಗ್ಗಿದಷ್ಟೂ ಹೆಚ್ಚುತ್ತದೆ. ಡಿವಿಡಿಯ 0.6 ಮಿ.ಮೀ. ದಪ್ಪವನ್ನೇ ಉಳಿಸಿಕೊಂಡು ನೀಲಿನೇರಳೆ ಲೇಸರಿಗೆ 0.85ರ ಮಸೂರ ಹಾಕಿದ್ದರೆ ಓರೆಯ ಪೆಟ್ಟು ಡಿವಿಡಿಯ ನಾಲ್ಕೂವರೆ ಪಟ್ಟಾಗುತ್ತಿತ್ತು. ಅದಕ್ಕೇ ಮುಚ್ಚುಪದರವನ್ನು 0.1 ಮಿ.ಮೀ.ಗೆ ಇಳಿಸಿದರು. ತೋಷಿಬಾ ಬೆಂಬಲಿಸಿದ ಎಚ್‌ಡಿ ಡಿವಿಡಿ ಹಳೆಯ 0.6 ಮಿ.ಮೀ.ಗೇ ಅಂಟಿಕೊಂಡು, ಅಪರ್ಚರನ್ನು 0.65ಕ್ಕೆ ನಿಲ್ಲಿಸಿ, 15 ಗಿಗಾಬೈಟಿಗೆ ತೃಪ್ತಿಪಟ್ಟಿತು. 2008ರ ಫೆಬ್ರುವರಿಯಲ್ಲಿ ಕಣದಿಂದ ಹಿಂದೆ ಸರಿಯಿತು.

ಪದರ ತೆಳುವಾದದ್ದರ ಬೆಲೆಯನ್ನು ಧೂಳು ವಸೂಲು ಮಾಡಿತು. ಬ್ಲೂ-ರೇ ತಟ್ಟೆಯ ಮೇಲ್ಮೈಯಲ್ಲಿ ಕಿರಣದ ಅಗಲ ಕೇವಲ 0.13 ಮಿ.ಮೀ. ಸಿಡಿಯಲ್ಲಿ ಶೇ 0.5ರಷ್ಟು ಬೆಳಕು ತಡೆದ ಅದೇ ಕಣ ಇಲ್ಲಿ ಶೇ 14ಕ್ಕೂ ಹೆಚ್ಚು ತಡೆಯುತ್ತದೆ. 2003ರಲ್ಲಿ ಸೋನಿ ಜಪಾನಿನಲ್ಲಿ ಬಿಟ್ಟ ಮೊದಲ ರೆಕಾರ್ಡರ್‌ನ ತಟ್ಟೆಗಳು ಪ್ಲಾಸ್ಟಿಕ್ ಡಬ್ಬಿಯೊಳಗೇ ಇರುತ್ತಿದ್ದುದು ಈ ಭಯದಿಂದ. ಟಿಡಿಕೆಯಂಥ ಕಂಪನಿಗಳು ಗೀರಿಗೆ ಜಗ್ಗದ ಗಟ್ಟಿ ಲೇಪ ಕಂಡುಹಿಡಿದ ಮೇಲೆ ಡಬ್ಬಿ ಕಳಚಿತು. ಮುಚ್ಚುಪದರದ ದಪ್ಪ ಕೆಲವೇ ಮೈಕ್ರಾನ್ ವ್ಯತ್ಯಾಸವಾದರೂ ಚುಕ್ಕೆ ಕದಡುತ್ತದೆ. ಎರಡು ಪದರದ ತಟ್ಟೆಯಲ್ಲಿ ಒಂದು 0.1 ಮಿ.ಮೀ. ಆಳದಲ್ಲೂ ಇನ್ನೊಂದು 0.075 ಮಿ.ಮೀ. ಆಳದಲ್ಲೂ ಇರುತ್ತದೆ, ಒಂದರಿಂದ ಇನ್ನೊಂದಕ್ಕೆ ನೆಗೆಯುವಾಗ ಒಳಗಿನ ಬೇರೊಂದು ಮಸೂರವನ್ನು ಸರಿಸಿ ಈ ದೋಷ ತಿದ್ದಬೇಕಾಯಿತು.

ಇತ್ತ ಭಾರತದಲ್ಲಿ ತಟ್ಟೆಯ ಕಥೆ ಬೆಲೆಯ ಕಥೆಯಾಗಿತ್ತು. 1983ರಲ್ಲಿ ದೀಪಕ್ ಪುರಿ ದೆಹಲಿಯಲ್ಲಿ ಶುರುಮಾಡಿದ ಮೋಸರ್ ಬೇರ್ ಫ್ಲಾಪಿಗಳಿಂದ ಸಿಡಿ-ಆರ್‌ಗೆ ಬಂದು, ಖಾಲಿ ತಟ್ಟೆ ತಯಾರಿಕೆಯಲ್ಲಿ ವಿಶ್ವದ ದೊಡ್ಡ ಕಂಪನಿಗಳ ಸಾಲಿಗೆ ಸೇರಿತ್ತು. ನಂತರ ಸಿನಿಮಾ ಹಕ್ಕುಗಳನ್ನು ಸಗಟಾಗಿ ಕೊಂಡು, ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಮಾರುಕಟ್ಟೆಗೆ ಇಳಿಯಿತು. ಬಾಡಿಗೆಗೂ ಖರೀದಿಗೂ ಅಂತರವೇ ಉಳಿಯಲಿಲ್ಲ. ದಕ್ಷಿಣದ ಭಾಷೆಗಳ ಹಳೆಯ ಚಿತ್ರಗಳು ದಿನಸಿ ಅಂಗಡಿಯವರೆಗೂ ಬಂದವು. 2007ರಲ್ಲಿ ಅದು ಫಿಲಿಪ್ಸ್‌ನ ತಟ್ಟೆ ತಂತ್ರಜ್ಞಾನದ ಅಂಗಸಂಸ್ಥೆ ಓಎಂ ಅಂಡ್ ಟಿಯನ್ನೂ ಕೊಂಡಿತು. ಸಿಡಿ ಹುಟ್ಟಿದ ಮನೆಯ ವಿದ್ಯೆಯ ಒಂದು ಪಾಲು ಹೀಗೆ ಭಾರತೀಯ ಕಂಪನಿಯ ಕೈ ಸೇರಿತು. ಅಷ್ಟರಲ್ಲಿ ಪೆನ್‌ಡ್ರೈವ್, ಬ್ರಾಡ್‌ಬ್ಯಾಂಡ್ ಹತ್ತಿರ ಬಂದಿದ್ದವು. 2016ರ ಹೊತ್ತಿಗೆ ಅಗ್ಗದ 4ಜಿ. ಬ್ಲೂ-ರೇ ಗಡಿಸೀಮೆಯ ಪೇಟೆಗಳಲ್ಲಿ ನೆಲೆಯೂರುವ ಮೊದಲೇ ಚಿತ್ರಗಳು ಫೋನಿಗೆ ಹೋದವು. 2018ರಲ್ಲಿ ಮೋಸರ್ ಬೇರ್ ಅನ್ನು ಮುಚ್ಚಿ ಆಸ್ತಿ ಮಾರಲು ಕಂಪನಿ ಕಾಯ್ದೆ ನ್ಯಾಯಮಂಡಳಿ ಆದೇಶಿಸಿತು.

ಪ್ರಯೋಗಾಲಯಗಳಲ್ಲಿ ಮಾತ್ರ ಮಸೂರ ಇನ್ನೂ ಹತ್ತಿರ ಹತ್ತಿರ ಹೋಗುತ್ತಲೇ ಇತ್ತು. ಫಿಲಿಪ್ಸ್, ಸೋನಿ ಸಂಶೋಧಕರು ಅರೆಗೋಳದ ಘನ ಮಸೂರವನ್ನು ತಿರುಗುವ ತಟ್ಟೆಯಿಂದ ಹತ್ತಾರು ನ್ಯಾನೊಮೀಟರ್ ಅಂತರದಲ್ಲಿ ತೇಲಿಸಿ, ಅಪರ್ಚರನ್ನು ಒಂದರಾಚೆ ದಾಟಿಸಿ ತೋರಿಸಿದರು. ಮಾರುಕಟ್ಟೆಗೆ ಅದು ಬರಲಿಲ್ಲ. 2014ರಲ್ಲಿ ಫೇಸ್‌ಬುಕ್ ಅಪರೂಪಕ್ಕೆ ಬೇಕಾಗುವ ಫೋಟೊಗಳಿಗೆಂದು 10,000 ಬ್ಲೂ-ರೇ ತಟ್ಟೆಗಳ ಕಪಾಟು ತೋರಿಸಿತು. ಅದೇ ವರ್ಷ ಸೋನಿ ಮತ್ತು ಪ್ಯಾನಸೋನಿಕ್ 300 ಗಿಗಾಬೈಟಿನ ಆರ್ಕೈವಲ್ ಡಿಸ್ಕ್ ಪ್ರಕಟಿಸಿದವು. 2024ರಲ್ಲಿ ಶಾಂಘೈನ ವಿಜ್ಞಾನಿಗಳು ನೂರು ಪದರಗಳ, ಪೆಟಾಬಿಟ್ ಹಿಡಿಸುವ ತಟ್ಟೆಯ ವಿವರವನ್ನು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮರುವರ್ಷ, 2025ರ ಫೆಬ್ರುವರಿಯಲ್ಲಿ, ಸೋನಿ ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆ ನಿಲ್ಲಿಸಿತು. ವಾಯ್ಸ್ ಕಾಯಿಲ್‌ಗೆ ಆ ಹೊತ್ತಿಗೆ ಬೇರೆ ಉದ್ಯೋಗ ಸಿಕ್ಕಿಯಾಗಿತ್ತು: ಬಹುತೇಕ ಫೋನ್ ಕ್ಯಾಮೆರಾಗಳಲ್ಲಿ ಫೋಕಸ್ ಮಾಡಲು ಮಸೂರವನ್ನು ಹಿಂದೆ ಮುಂದೆ ಸರಿಸುವುದು ಅದೇ ಸುರುಳಿ, ಅದೇ ಅಯಸ್ಕಾಂತ.

ಸಾಂದ್ರತೆಯ ಈ ಓಟಕ್ಕೆ ಪೂರ್ತಿ ಉಲ್ಟಾ ದಿಕ್ಕಿನಲ್ಲಿ ಹೋದ ಉದಾಹರಣೆ ಉಡುಪಿಯಲ್ಲಿದೆ. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್, ಆರ್ಕಿಮಿಡೀಸನ ಹಸ್ತಪ್ರತಿಯ ಚಿತ್ರಣದಲ್ಲಿ ಕೆಲಸ ಮಾಡಿದ್ದ ರೋಜರ್ ಈಸ್ಟನ್ ಜೊತೆಗೂಡಿ, ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಸುಮಾರು 700 ವರ್ಷ ಹಳೆಯ ತಾಳೆಗರಿಗಳನ್ನು 2005–06ರ ಸುಮಾರಿಗೆ ಚಿತ್ರೀಕರಿಸಿದರು. 36 ಕೃತಿಗಳು, ಮುನ್ನೂರಕ್ಕೂ ಹೆಚ್ಚು ಗರಿಗಳು. ಕಪ್ಪಾಗಿ ಕಣ್ಣಿಗೆ ಕಾಣದ ಅಕ್ಷರಗಳು ಅವಕೆಂಪು ಬೆಳಕಿನಲ್ಲಿ ಎದ್ದವು. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಇಟ್ಟದ್ದಲ್ಲದೆ, ಸಿಲಿಕಾನ್ ಬಿಲ್ಲೆಗಳ ಮೇಲೆ ಲೋಹದಲ್ಲಿ ಮೂಡಿಸುವ ದಾರಿಯನ್ನೂ ಹಿಡಿದರು. ಒಂದು ಬಿಲ್ಲೆಗೆ ಮೂರು ಗರಿ ಮಾತ್ರ. ಒಂದು ಡಿವಿಡಿಯ ಮೂಲೆಯಲ್ಲಿ ಅಡಗುವಷ್ಟು ಮಾಹಿತಿಗೆ ನೂರಕ್ಕೂ ಹೆಚ್ಚು ಬಿಲ್ಲೆ ಬೇಕು. ಆದರೆ ಓದಲು ಲೇಸರ್ ಬೇಡ, ಓಲಾಡುವ ಮಸೂರ ಬೇಡ. ಒಂದು ಭೂತಗನ್ನಡಿ ಸಾಕು. ಹಿಂದೂಪುರಕ್ಕೆ ಸಮೀಪದ ಮಡಕಶಿರಾ ಸೀಮೆಯಲ್ಲಿ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳಿಗೆ ಅದೂ ಬೇಡ.

ಈಗ ಮನೆಗಳ ಕಪಾಟಿನಲ್ಲಿ ಉಳಿದಿರುವುದು ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ತಟ್ಟೆಗಳು. ಅವು ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಗಳಂತಲ್ಲ. ಅಚ್ಚಿನ ತಟ್ಟೆಯಲ್ಲಿ ಗುರುತುಗಳು ಪ್ಲಾಸ್ಟಿಕ್‌ನಲ್ಲೇ ಒತ್ತಿದ ಕುಳಿಗಳು. ಸ್ಟುಡಿಯೊದಲ್ಲಿ ಬರೆದ ಸಿಡಿ-ಆರ್, ಡಿವಿಡಿ-ಆರ್‌ಗಳಲ್ಲಿ ಅವು ಬಣ್ಣದ ಪದರದ ಮೇಲೆ ಲೇಸರ್ ಸುಟ್ಟ ಕಲೆಗಳು. ಬಿಸಿಲು, ಸೆಕೆ, ತೇವ ಮೂರೂ ಆ ಬಣ್ಣಕ್ಕೆ ವೈರಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಂತೂ ಕೇಳುವುದೇ ಬೇಡ. ಸಿಡಿಯ ಲೇಬಲ್ ಬದಿಯಲ್ಲಿ ಮಾಹಿತಿಯನ್ನು ಕಾಯುವುದು ತೆಳು ಲ್ಯಾಕರ್ ಲೇಪ ಮಾತ್ರ. ಕೆಳಗಿನ ಗೀರನ್ನು ಉಜ್ಜಿ ನಯಮಾಡಬಹುದು, ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದ ದಂಪತಿಗಳ ಹೆಸರು ಕೆಡಿಸಿದ್ದನ್ನು ಸರಿಪಡಿಸಲಾಗದು. ಡಿವಿಡಿಯಲ್ಲಿ ಮಾಹಿತಿ ಎರಡು 0.6 ಮಿ.ಮೀ. ಹಾಳೆಗಳ ನಡುವೆ ಇರುವುದರಿಂದ ಅಷ್ಟು ಅಪಾಯವಿಲ್ಲ. ಅಲ್ಲಿ ಅಂಚಿನ ಅಂಟು ಬಿಡುವುದೇ ತೊಂದರೆ.

ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್‌ಗಳು ಇನ್ನೂ ಮಾರಾಟಕ್ಕಿವೆ, ಹಳೆಯ ಕಂಪ್ಯೂಟರುಗಳಲ್ಲೂ ಇವೆ. ಅವುಗಳ ಲೇಸರಿಗೂ ಮುಪ್ಪಿದೆ. ಬೆಳಕು ಕುಂದಿದ ಹೆಡ್ ಒಳ್ಳೆಯ ತಟ್ಟೆಯನ್ನೂ ಕೆಟ್ಟದ್ದೆನ್ನುತ್ತದೆ. ಆದ್ದರಿಂದ ಒಂದು ಡ್ರೈವ್ ಓದದ ತಟ್ಟೆಯನ್ನು ಬಿಸಾಡುವ ಮೊದಲು ಇನ್ನೆರಡರಲ್ಲಿ ಹಾಕಿ ನೋಡಬೇಕು, ವೇಗ ಇಳಿಸಿ ಓದಿಸಬೇಕು. ತಟ್ಟೆ ನಿಧಾನವಾದಷ್ಟೂ ಅದರ ಓಲಾಟ ಹಿಂಬಾಲಿಸಲು ಮಸೂರಕ್ಕೆ ಸಮಯ ಸಿಗುತ್ತದೆ. ನಕಲು ಮಾಡುವಾಗ ಸ್ಟುಡಿಯೊದವರು ಬರೆದುಕೊಟ್ಟ ಸಿಡಿ-ಆರ್‌ಗಳು ಮೊದಲು ಬರಲಿ, ಡಿವಿಡಿ-ಆರ್‌ಗಳು ಆಮೇಲೆ. ಅಂಗಡಿಯಲ್ಲಿ ಕೊಂಡ ಸಿನಿಮಾ ವಿಸಿಡಿಗಳು ಸರದಿಯ ಕೊನೆಯಲ್ಲಿದ್ದರೂ ನಡೆಯುತ್ತದೆ. ಅವುಗಳ ಕುಳಿಗಳು ಇನ್ನೂ ಕೆಲವು ಬೇಸಿಗೆಗಳನ್ನು ತಾಳಿಕೊಳ್ಳುತ್ತವೆ.